ಹಡಗು ಎಷ್ಟು ದೊಡ್ಡದಿರಬೇಕು? ಮೂರು ಗಾತ್ರ, ಮೂರು ಅನುಭವ

ಹಡಗಿನ ಮಾತು ಬಂದಾಗಲೆಲ್ಲ ತರಗತಿಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಒಂದೇ: "ಸರ್, ಅದು ಟೈಟಾನಿಕ್‌ಗಿಂತ ದೊಡ್ಡದಾ?" ಇದಕ್ಕೆ ಉತ್ತರ ಹೇಳುವುದು ಸುಲಭ. ಆದರೆ ದುಡ್ಡು ಕೊಟ್ಟು ಟಿಕೆಟ್ ತೆಗೆಯುವ ಪ್ರಯಾಣಿಕ ಕೇಳಬೇಕಾದ ಪ್ರಶ್ನೆ ಬೇರೆ. ಹಡಗು ದೊಡ್ಡದಾದಂತೆ ನನಗೆ ಸಿಗುವುದೇನು, ನನ್ನ ಕೈತಪ್ಪುವುದೇನು? ನಮ್ಮ ಕಾಲೇಜಿನ ಎಷ್ಟೋ ಮಕ್ಕಳ ಅಣ್ಣಂದಿರು, ಮಾವಂದಿರು ಗಲ್ಫಿನಲ್ಲಿದ್ದಾರೆ. "ಈ ಸಲ ರಜೆಗೆ ಬನ್ನಿ, ಉಮ್ಮನನ್ನೂ ಕರೆದುಕೊಂಡು ಬನ್ನಿ, ಕ್ರೂಸ್‌ಗೆ ಹೋಗೋಣ" ಎಂಬ ಮಾತು ಈಗ ಸಾಮಾನ್ಯ ಮನೆಗಳಲ್ಲೂ ಕೇಳಿಬರುತ್ತಿದೆ. ಆದ್ದರಿಂದ ಈ ಪಾಠ ಪರೀಕ್ಷೆಗಷ್ಟೇ ಅಲ್ಲ, ಮನೆಗೂ ಬೇಕಾದದ್ದು.

ನಾನು ಮೂರು ಗಾತ್ರದ ಹಡಗುಗಳಲ್ಲಿ ಪ್ರಯಾಣ ಮಾಡಿದ್ದೇನೆ. ಮೊದಲನೆಯದು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಎಂ.ವಿ. ಕವರತ್ತಿ. ಎರಡನೆಯದು ಮುಂಬೈಯಿಂದ ಹೊರಟ ಮಧ್ಯಮ ಗಾತ್ರದ ವಿಹಾರ ಹಡಗು. ಮೂರನೆಯದು ದುಬೈಯಿಂದ ಹೊರಟ, ಬಹುಮಹಡಿ ಕಟ್ಟಡದಂತಹ ಭಾರೀ ಹಡಗು. ಕೊನೆಯ ಎರಡರಲ್ಲಿ ಉಮ್ಮ ನನ್ನ ಜೊತೆಗಿದ್ದರು. ಅವೆರಡರ ಹೆಸರು ಇಲ್ಲಿ ಬೇಡ. ಈ ಲೇಖನ ಜಾಹೀರಾತೂ ಅಲ್ಲ, ದೂರೂ ಅಲ್ಲ. ಲೆಕ್ಕ ಹಾಕಲು ಅಂಕಿಗಳು ಬೇಕಾದಾಗ ಅವೇ ಗಾತ್ರಗಳ, ಎಲ್ಲರಿಗೂ ಗೊತ್ತಿರುವ ಹಡಗುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಗಾತ್ರ ಎಂದರೆ ತೂಕವಲ್ಲ

ಹಡಗಿನ ಗಾತ್ರವನ್ನು "ಗ್ರಾಸ್ ಟನೇಜ್" ಎಂಬ ಅಳತೆಯಲ್ಲಿ ಹೇಳುತ್ತಾರೆ. "ಟನ್" ಎಂಬ ಶಬ್ದ ಕೇಳಿ ಇದು ತೂಕ ಎಂದುಕೊಳ್ಳುವವರೇ ಹೆಚ್ಚು. ಇದು ತೂಕವಲ್ಲ, ಘನಫಲ. ಹಡಗಿನ ಒಳಗೆ ಮುಚ್ಚಿದ ಜಾಗ ಒಟ್ಟು ಎಷ್ಟಿದೆ ಎಂಬುದರ ಸೂಚ್ಯಂಕ. 1969ರ ಅಂತರರಾಷ್ಟ್ರೀಯ ಒಪ್ಪಂದವೊಂದು ಇದಕ್ಕೆ ಸೂತ್ರ ಕೊಟ್ಟಿದೆ. ಒಳಗಿನ ಘನಫಲವನ್ನು ಘನಮೀಟರ್‌ನಲ್ಲಿ ತೆಗೆದುಕೊಳ್ಳಬೇಕು. ಅದರ ಲಾಗರಿದಮ್ ಅನ್ನು (ಆಧಾರ 10) 0.02ರಿಂದ ಗುಣಿಸಿ 0.2 ಕೂಡಿಸಬೇಕು. ಬಂದ ಸಂಖ್ಯೆಯಿಂದ ಘನಫಲವನ್ನು ಗುಣಿಸಬೇಕು. ಲಾಗ್ ಪಾಠ ಯಾಕೆ ಕಲಿಯಬೇಕು ಎಂದು ಕೇಳುವವರಿಗೆ ಇದೊಂದು ಉತ್ತರ.

ಈಗ ಎರಡು ಹಡಗುಗಳನ್ನು ನೋಡೋಣ. ಎರಡೂ ಹುಟ್ಟಿದ್ದು ಫ್ರಾನ್ಸಿನ ಸೇಂಟ್ ನಜೇರ್ ಪಟ್ಟಣದ ಒಂದೇ ಹಡಗುಕಟ್ಟೆಯಲ್ಲಿ, ಮೂವತ್ತೆರಡು ವರ್ಷಗಳ ಅಂತರದಲ್ಲಿ. ಮೊದಲನೆಯದು 1990ರಲ್ಲಿ "ನಾರ್ಡಿಕ್ ಎಂಪ್ರೆಸ್" ಎಂಬ ಹೆಸರಿನಿಂದ ಸೇವೆಗೆ ಬಂದದ್ದು. ಈಗ ಅದೇ ಹಡಗು "ಎಂಪ್ರೆಸ್" ಆಗಿದೆ. 2021ರಿಂದ ಕಾರ್ಡೀಲಿಯಾ ಕ್ರೂಸಸ್ ಕಂಪನಿ ಅದನ್ನು ಭಾರತದ ಕರಾವಳಿಯಲ್ಲಿ ಓಡಿಸುತ್ತಿದೆ. ಅದರ ಉದ್ದ ಸುಮಾರು 211 ಮೀಟರ್, ಗ್ರಾಸ್ ಟನೇಜ್ 48,563. ಎರಡನೆಯದು "ಎಂಎಸ್‌ಸಿ ವರ್ಲ್ಡ್ ಯುರೋಪಾ". 2022ರಲ್ಲಿ ಕತಾರಿನ ವಿಶ್ವಕಪ್ ಫುಟ್ಬಾಲ್ ನಡೆದಾಗ ದೋಹಾ ಬಂದರಿನಲ್ಲಿ ಅಭಿಮಾನಿಗಳಿಗೆ ತೇಲುವ ಹೋಟೆಲಾಗಿ ನಿಂತಿದ್ದ ಹಡಗುಗಳಲ್ಲಿ ಇದೂ ಒಂದು. ಉದ್ದ 333 ಮೀಟರ್, ಗ್ರಾಸ್ ಟನೇಜ್ 2,15,863.

ಮೇಲಿನ ಸೂತ್ರವನ್ನು ತಿರುಗಿಸಿ ಲೆಕ್ಕ ಹಾಕಿದರೆ ಎಂಪ್ರೆಸ್‌ನ ಒಳಗೆ ಸುಮಾರು 1.6 ಲಕ್ಷ ಘನಮೀಟರ್ ಜಾಗ ಇದೆ ಎಂದು ಸಿಗುತ್ತದೆ. ವರ್ಲ್ಡ್ ಯುರೋಪಾದಲ್ಲಿ ಸುಮಾರು 6.8 ಲಕ್ಷ ಘನಮೀಟರ್. 8 ಮೀಟರ್ ಉದ್ದ, 6 ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ತರಗತಿ ಕೋಣೆಯ ಘನಫಲ 168 ಘನಮೀಟರ್. ಅಂದರೆ ಮೊದಲನೆಯದರಲ್ಲಿ ಇಂತಹ ಸುಮಾರು 950 ಕೋಣೆಗಳು ಹಿಡಿಸುತ್ತವೆ, ಎರಡನೆಯದರಲ್ಲಿ ಸುಮಾರು 4,050.

ಇಲ್ಲಿ ಒಂದು ವಿಷಯ ಗಮನಿಸಿ. ಉದ್ದ ಹೆಚ್ಚಾದದ್ದು ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಳಗಿನ ಜಾಗ ಮಾತ್ರ ನಾಲ್ಕು ಪಟ್ಟಿಗಿಂತ ಹೆಚ್ಚಾಗಿದೆ. ಉದ್ದ, ಅಗಲ, ಎತ್ತರ ಮೂರೂ ಬೆಳೆದಾಗ ಘನಫಲ ಘನದ ಲೆಕ್ಕದಲ್ಲಿ ಏರುತ್ತದೆ. ಫೋಟೋದಲ್ಲಿ ನಮಗೆ ಕಾಣುವುದು ಉದ್ದ ಮಾತ್ರ, ಹಾಗಾಗಿ ಅಂದಾಜು ತಪ್ಪುತ್ತದೆ. ಟೈಟಾನಿಕ್‌ನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 1912ರ ಆ ಹಡಗು 269 ಮೀಟರ್ ಉದ್ದವಿತ್ತು, ಆಗಿನ ಅಳತೆಯಲ್ಲಿ 46,328 ಟನ್. ಇವತ್ತು ನಮ್ಮ ಮುಂಬೈಯಿಂದ ಹೊರಡುವ "ಮಧ್ಯಮ" ಹಡಗು ಉದ್ದದಲ್ಲಿ ಅದಕ್ಕಿಂತ ಚಿಕ್ಕದು, ಒಳಗಿನ ಜಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ.

ತಲೆಗೆ ಎಷ್ಟು ಜಾಗ?

ಹಡಗಿನ ಒಟ್ಟು ಗಾತ್ರದಿಂದ ಪ್ರಯಾಣಿಕನಿಗೆ ನೇರ ಪ್ರಯೋಜನವಿಲ್ಲ. ಅವನಿಗೆ ಬೇಕಾದದ್ದು ಪಾಲು. ಗ್ರಾಸ್ ಟನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲಾ ಜಾಗದ ಅನುಪಾತ ಸಿಗುತ್ತದೆ. ಒಂದು ಕ್ಯಾಬಿನ್‌ಗೆ ಇಬ್ಬರು ಎಂದು ಹಿಡಿದರೆ ಎಂಪ್ರೆಸ್‌ನಲ್ಲಿ ಸುಮಾರು 1,600 ಜನ. ಅನುಪಾತ 30. ವರ್ಲ್ಡ್ ಯುರೋಪಾದಲ್ಲಿ ಅದೇ ಲೆಕ್ಕದಲ್ಲಿ ಸುಮಾರು 5,200 ಜನ. ಅನುಪಾತ 41. ದೊಡ್ಡ ಹಡಗಿನಲ್ಲಿ ನೂಕುನುಗ್ಗಲು ಹೆಚ್ಚು ಎಂದು ನಾವು ಊಹಿಸುತ್ತೇವೆ. ಲೆಕ್ಕ ಅದಕ್ಕೆ ವಿರುದ್ಧವಾಗಿದೆ.

ಆದರೆ ಇಷ್ಟಕ್ಕೇ ನಿಲ್ಲಬಾರದು. ಶಾಲಾ ರಜೆಯ ಕಾಲದಲ್ಲಿ ಒಂದೊಂದು ಕ್ಯಾಬಿನ್‌ನಲ್ಲಿ ಮೂವರು ನಾಲ್ವರು ಇರುತ್ತಾರೆ. ಪೂರ್ತಿ ತುಂಬಿದಾಗ ವರ್ಲ್ಡ್ ಯುರೋಪಾದಲ್ಲಿ 6,762 ಜನ ಪ್ರಯಾಣ ಮಾಡಬಹುದು. ಆಗ ಅನುಪಾತ 32ಕ್ಕೆ ಇಳಿಯುತ್ತದೆ. ಹಡಗು ಅದೇ, ಟಿಕೆಟ್ ಬಹುಶಃ ಹೆಚ್ಚು, ಜಾಗ ಮಾತ್ರ ಕಡಿಮೆ. ನಾವು ದುಬೈಯಿಂದ ಹೋದದ್ದು ರಜೆಯ ವಾರದಲ್ಲಿ. ಬೆಳಗಿನ ಎಂಟರಿಂದ ಒಂಬತ್ತರ ತನಕ ಲಿಫ್ಟ್ ಮುಂದೆ ಸಾಲು, ಊಟದ ಸಭಾಂಗಣದ ಮುಂದೆ ಸಾಲು. ಹತ್ತು ಗಂಟೆಯ ನಂತರ ಅದೇ ಜಾಗ ಖಾಲಿ. ಜಾಗದ ಸರಾಸರಿ ಎಷ್ಟೇ ಇರಲಿ, ಎಲ್ಲರಿಗೂ ಒಂದೇ ಹೊತ್ತಿಗೆ ಹಸಿವಾದರೆ ಸರಾಸರಿ ಉಪಯೋಗಕ್ಕೆ ಬರುವುದಿಲ್ಲ. ಉಮ್ಮ ಎರಡನೇ ದಿನದಿಂದಲೇ ಇದಕ್ಕೆ ದಾರಿ ಕಂಡುಕೊಂಡರು. ಮನೆಯಲ್ಲಿ ಮಾಡುವಂತೆ ಫಜರ್ ನಮಾಜಿನ ನಂತರ ಮಲಗಲೇ ಇಲ್ಲ. ಏಳಕ್ಕೆ ಮೊದಲೇ ಚಾ, ತಿಂಡಿ ಮುಗಿಸಿ ಕಿಟಕಿ ಪಕ್ಕ ಕುರ್ಚಿ ಹಿಡಿದರು.

ಇನ್ನೊಂದು ಲೆಕ್ಕ ಕಾಲಿನದು. 333 ಮೀಟರ್ ಹಡಗಿನಲ್ಲಿ ಕ್ಯಾಬಿನ್ ಒಂದು ತುದಿಗೆ, ಊಟ ಇನ್ನೊಂದು ತುದಿಗೆ ಇದ್ದರೆ ಒಂದು ಸಲ ಹೋಗಿ ಬರಲು ಮುಕ್ಕಾಲು ಕಿಲೋಮೀಟರ್‌ಗೆ ಹತ್ತಿರ ನಡೆಯಬೇಕು. ದಿನಕ್ಕೆ ಮೂರು ಸಲ ಎಂದರೆ ಎರಡು ಕಿಲೋಮೀಟರ್. ಮೊಣಕಾಲು ನೋವಿರುವವರನ್ನು ಕರೆದುಕೊಂಡು ಹೋಗುವವರು ಕ್ಯಾಬಿನ್ ಆರಿಸುವಾಗ ಕಿಟಕಿಗಿಂತ ಮೊದಲು ಲಿಫ್ಟ್ ಎಷ್ಟು ಹತ್ತಿರ ಎಂದು ನೋಡಬೇಕು.

ಓಲಾಟದ ಭೌತಶಾಸ್ತ್ರ

ಹಡಗು ಎರಡು ಮುಖ್ಯ ರೀತಿಯಲ್ಲಿ ಓಲಾಡುತ್ತದೆ. ಪಕ್ಕದಿಂದ ಪಕ್ಕಕ್ಕೆ ಬಾಗುವುದು ಒಂದು. ಮೂತಿ ಮೇಲೆದ್ದು ಹಿಂಭಾಗ ತಗ್ಗುವುದು, ಮತ್ತೆ ಅದು ತಿರುಗುಮುರುಗಾಗುವುದು ಇನ್ನೊಂದು. ಮೊದಲನೆಯದು ತೊಟ್ಟಿಲಿನಂತೆ, ಎರಡನೆಯದು ಏತದಂತೆ.

ಮೊದಲು ಏತದ ವಿಚಾರ. ಆಳದ ನೀರಿನಲ್ಲಿ ಅಲೆಯ ಉದ್ದವನ್ನು ಕಂಡುಹಿಡಿಯಲು ಸುಲಭ ಸೂತ್ರವಿದೆ. ಅಲೆಯ ಅವಧಿಯ ವರ್ಗವನ್ನು 1.56ರಿಂದ ಗುಣಿಸಿದರೆ ಮೀಟರ್‌ನಲ್ಲಿ ಉತ್ತರ ಬರುತ್ತದೆ. ಎಂಟು ಸೆಕೆಂಡಿಗೊಂದು ಅಲೆ ಬರುತ್ತಿದ್ದರೆ ಒಂದು ಶಿಖರದಿಂದ ಇನ್ನೊಂದು ಶಿಖರಕ್ಕೆ ಸುಮಾರು 100 ಮೀಟರ್. ನೂರು ಮೀಟರ್ ಚಿಲ್ಲರೆ ಉದ್ದದ ಹಡಗು ಇಂತಹ ಅಲೆಯನ್ನು ಎದುರಿಸಿದರೆ ಒಮ್ಮೆ ಅದರ ಬೆನ್ನೇರುತ್ತದೆ, ಒಮ್ಮೆ ಅದರ ಗುಂಡಿಗಿಳಿಯುತ್ತದೆ. 333 ಮೀಟರ್ ಹಡಗಿನ ಕೆಳಗೆ ಅದೇ ಹೊತ್ತಿಗೆ ಮೂರು ಅಲೆಗಳಿರುತ್ತವೆ. ಒಂದು ಎತ್ತಿದರೆ ಇನ್ನೊಂದು ಇಳಿಸುತ್ತದೆ, ಒಟ್ಟಿನಲ್ಲಿ ಹಡಗು ಹೆಚ್ಚು ಅಲುಗುವುದಿಲ್ಲ. ಕೊಚ್ಚಿಯಿಂದ ಹೊರಟ ರಾತ್ರಿ ನಮ್ಮ ಸಹೋದ್ಯೋಗಿಗಳಲ್ಲಿ ಅರ್ಧ ಜನ ಊಟದ ತಟ್ಟೆ ಮುಟ್ಟಲಿಲ್ಲ. ದುಬೈಯ ಹಡಗಿನಲ್ಲಿ ಉಮ್ಮ ಎರಡನೇ ದಿನ ಮಧ್ಯಾಹ್ನ ಕೇಳಿದ ಪ್ರಶ್ನೆ, "ಇದು ಹೊರಟಿದೆಯೋ ಇಲ್ಲವೋ?"

ತೊಟ್ಟಿಲಿನ ವಿಚಾರ ಸ್ವಲ್ಪ ಬೇರೆ. ಪಕ್ಕಕ್ಕೆ ಬಾಗಿದ ಹಡಗು ಮತ್ತೆ ನೆಟ್ಟಗಾಗಲು ಹಿಡಿಯುವ ಕಾಲ ಎರಡು ವಿಷಯಗಳನ್ನು ಅವಲಂಬಿಸಿದೆ. ಒಂದು ಹಡಗಿನ ಅಗಲ. ಇನ್ನೊಂದು ಮೆಟಾಸೆಂಟ್ರಿಕ್ ಎತ್ತರ, ಅಂದರೆ ಹಡಗಿನ ಗುರುತ್ವಕೇಂದ್ರಕ್ಕೂ ಅದರ ಮೇಲಿರುವ ಮೆಟಾಸೆಂಟರ್ ಎಂಬ ಬಿಂದುವಿಗೂ ನಡುವಿನ ದೂರ. ಅಗಲ ಹೆಚ್ಚಾದರೆ ಓಲಾಟ ನಿಧಾನವಾಗುತ್ತದೆ. ಈ ಎತ್ತರ ಹೆಚ್ಚಾದರೆ ಓಲಾಟ ಚುರುಕಾಗುತ್ತದೆ. ಚುರುಕಾಗಿ ನೆಟ್ಟಗಾಗುವ ಹಡಗು ಭದ್ರ, ಆದರೆ ಪ್ರಯಾಣಿಕನ ಹೊಟ್ಟೆಗೆ ಹಿತವಲ್ಲ. ನಿಧಾನವಾಗಿ ಬಾಗಿ ನಿಧಾನವಾಗಿ ಏಳುವುದೇ ಅವನಿಗೆ ಹಿತ. ವಿಹಾರ ಹಡಗನ್ನು ವಿನ್ಯಾಸ ಮಾಡುವವರು ಸುರಕ್ಷತಾ ನಿಯಮ ಬೇಡುವಷ್ಟು ಭದ್ರತೆಯನ್ನು ಇಟ್ಟುಕೊಂಡು, ಅದಕ್ಕಿಂತ ಬಿರುಸಾಗದಂತೆ ಎಚ್ಚರ ವಹಿಸುತ್ತಾರೆ.

ಇದರ ಜೊತೆಗೆ ನೀರಿನ ಕೆಳಗೆ ಎರಡೂ ಬದಿಗೆ ಚಾಚಿಕೊಳ್ಳುವ ಸ್ಟೆಬಿಲೈಸರ್ ರೆಕ್ಕೆಗಳಿರುತ್ತವೆ. ವಿಮಾನದ ರೆಕ್ಕೆಯ ತತ್ತ್ವವೇ ಇವುಗಳದ್ದು. ಹಡಗು ಓಡುತ್ತಿದ್ದಾಗ ಮಾತ್ರ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಲಂಗರು ಹಾಕಿ ನಿಂತಾಗ ಇವುಗಳ ಸಹಾಯ ಇಲ್ಲ. ಅದಕ್ಕೇ ದಾರಿಯುದ್ದಕ್ಕೂ ಆರಾಮವಾಗಿದ್ದವರಿಗೆ ದ್ವೀಪದ ಮುಂದೆ ಹಡಗು ನಿಂತ ಮೇಲೆ ತಲೆ ತಿರುಗುವುದುಂಟು.

ಹಡಗು ಯಾವುದೇ ಇರಲಿ, ನಡುಭಾಗದ ಕೆಳಗಿನ ಮಹಡಿಯ ಕ್ಯಾಬಿನ್‌ನಲ್ಲಿ ಓಲಾಟ ಕಡಿಮೆ. ತಿರುಗುವ ಅಕ್ಷದಿಂದ ದೂರ ಹೋದಷ್ಟೂ ಚಲನೆ ಹೆಚ್ಚು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹಂಪ್ ದಾಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಲೆಸುತ್ತು ಬಂದರೆ ಕ್ಯಾಬಿನ್ ಒಳಗೆ ಮೊಬೈಲ್ ನೋಡುತ್ತಾ ಮಲಗಬೇಡಿ. ಕಿವಿಯೊಳಗಿನ ಸಮತೋಲನದ ಅಂಗ "ಅಲುಗುತ್ತಿದ್ದೇವೆ" ಎನ್ನುತ್ತದೆ, ಕಣ್ಣು "ಇಲ್ಲ" ಎನ್ನುತ್ತದೆ. ಈ ಜಗಳದಿಂದಲೇ ವಾಂತಿ. ಹೊರಗೆ ಬಂದು ದಿಗಂತವನ್ನು ನೋಡಿದರೆ ಇಬ್ಬರೂ ಒಂದೇ ಮಾತು ಹೇಳುತ್ತಾರೆ.

ಇಳಿಯುವ ಲೆಕ್ಕ

ಇಲ್ಲಿಯವರೆಗೆ ದೊಡ್ಡ ಹಡಗೇ ಗೆಲ್ಲುತ್ತಾ ಬಂತು. ದಡ ಕಂಡ ಕೂಡಲೇ ಲೆಕ್ಕ ತಿರುಗುತ್ತದೆ.

ದುಬೈ, ಅಬುಧಾಬಿ, ದೋಹಾದಂತಹ ಬಂದರುಗಳಲ್ಲಿ ಹಡಗು ಜೆಟ್ಟಿಗೇ ಒರಗಿ ನಿಲ್ಲುತ್ತದೆ. ಗಾಲಿಕುರ್ಚಿಯನ್ನೂ ತಳ್ಳಿಕೊಂಡು ಇಳಿಯಬಹುದು. ಉಮ್ಮ ಯಾರ ಕೈಯನ್ನೂ ಹಿಡಿಯದೆ ದೋಹಾದಲ್ಲಿ ಇಳಿದರು. ಲಕ್ಷದ್ವೀಪ ಹಾಗಲ್ಲ. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಲಗೂನ್ ಎಂಬ ಆಳವಿಲ್ಲದ ತಿಳಿನೀರು. ಹೆಚ್ಚಿನ ಕಡೆ ಹಡಗು ದಿಬ್ಬದ ಹೊರಗೇ ನಿಲ್ಲಬೇಕು. ಪ್ರಯಾಣಿಕರು ಸಣ್ಣ ದೋಣಿಗೆ ಇಳಿದು ದಡ ಸೇರಬೇಕು.

ಒಂದು ದೋಣಿಗೆ 50 ಜನ, ಹೋಗಿ ಬರಲು ಅರ್ಧ ಗಂಟೆ, ಒಟ್ಟು ನಾಲ್ಕು ದೋಣಿ ಎಂದಿಟ್ಟುಕೊಳ್ಳಿ. ಎಂ.ವಿ. ಕವರತ್ತಿಯಲ್ಲಿ 700 ಪ್ರಯಾಣಿಕರಿಗೆ ಜಾಗವಿದೆ. ಅದರಲ್ಲಿ "ಸಮುದ್ರಂ" ಪ್ರವಾಸದವರಿಗೆಂದು ಇರುವುದು 150 ಸ್ಥಾನ. ಆ 150 ಜನರಿಗೆ ಮೂರು ದೋಣಿ ಸಾಕು, ಅರ್ಧ ಗಂಟೆಯೊಳಗೆ ಎಲ್ಲರೂ ದಡದಲ್ಲಿ. 1,600 ಜನರಿಗೆ 32 ಸಲ ದೋಣಿ ಹೋಗಬೇಕು, ಅಂದರೆ ನಾಲ್ಕು ಗಂಟೆ. 5,200 ಜನರಿಗೆ 104 ಸಲ, ಅಂದರೆ 13 ಗಂಟೆ. ಕೊನೆಯವನು ದಡ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಇಂತಹ ಜಾಗಗಳಿಗೆ ಭಾರೀ ಹಡಗುಗಳು ಯಾಕೆ ಬರುವುದಿಲ್ಲ ಎಂಬುದಕ್ಕೆ ಸರಳ ಭಾಗಾಕಾರವೇ ಸಾಕು.

ಸಂಖ್ಯೆಯಲ್ಲಿ ಬಾರದ ಒಂದು ವಿಷಯವೂ ಇದೆ. ಉಮ್ಮನ ತಂದೆ ಮಂಗಳೂರಿನ ಬಂದರಿನಲ್ಲಿ ಕೊಬ್ಬರಿ ಮತ್ತು ಹುರಿಹಗ್ಗದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸರಕು ಬರುತ್ತಿದ್ದುದು ಲಕ್ಷದ್ವೀಪದಿಂದ, ಮಂಜಿಗಳಲ್ಲಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಅಮಿನ್‌ದೀವಿ ದ್ವೀಪಗಳು 1956ರ ನವೆಂಬರ್ ಒಂದರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು ಎಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅಜ್ಜನ ಬಾಯಿಂದ ಆ ದ್ವೀಪಗಳ ಹೆಸರು ಕೇಳುತ್ತಾ ಬೆಳೆದ ಉಮ್ಮನಿಗೆ ಒಮ್ಮೆ ಅಲ್ಲಿ ಕಾಲಿಡಬೇಕೆಂಬ ಆಸೆ. ಆ ಕಾರಣಕ್ಕೇ ಮುಂಬೈಯ ಹಡಗಿನಲ್ಲಿ ನಾವು ಹೊರಟದ್ದು.

ದ್ವೀಪದ ಮುಂದೆ ಹಡಗು ನಿಂತಿತು. ಬಾಗಿಲಿನ ಪಕ್ಕದಲ್ಲಿ ದೋಣಿ ಒಂದು ಮೊಳ ಏರುತ್ತಿತ್ತು, ಒಂದು ಮೊಳ ಇಳಿಯುತ್ತಿತ್ತು. ಇಬ್ಬರು ಸಿಬ್ಬಂದಿ ಕೈ ಹಿಡಿದು ಇಳಿಸಲು ಸಿದ್ಧರಿದ್ದರು. ಉಮ್ಮ ಐದು ನಿಮಿಷ ನೋಡಿದರು. "ನನ್ನ ಕಾಲು ಇದಕ್ಕೆ ಆಗುವುದಲ್ಲ. ನೀವು ಹೋಗಿ ಬನ್ನಿ" ಎಂದರು. ನಾವು ಬರುವವರೆಗೂ ಮೇಲಿನ ಡೆಕ್‌ನಲ್ಲಿ ಕುರ್ಚಿ ಹಾಕಿಸಿಕೊಂಡು ತೆಂಗಿನ ಮರಗಳ ಸಾಲನ್ನೇ ನೋಡುತ್ತಾ ಕೂತಿದ್ದರು. ಹಿಂದಿರುಗಿದಾಗ ಅವರು ಕೇಳಿದ್ದು, "ಕೊಬ್ಬರಿ ಒಣಗಿಸುವ ವಾಸನೆ ಇತ್ತಾ?" ಇತ್ತು ಎಂದೆ.

ಸಣ್ಣ ಹಡಗಾಗಿದ್ದರೂ ಅದೇ ದೋಣಿ, ಅದೇ ಅಲೆ. ಹಡಗಿನ ಗಾತ್ರ ಬದಲಾಗುವುದರಿಂದ ಈ ಹೆಜ್ಜೆ ಸುಲಭವಾಗುವುದಿಲ್ಲ. ಆದ್ದರಿಂದ ಹಿರಿಯರನ್ನು ಕರೆದುಕೊಂಡು ಹೋಗುವವರು ಟಿಕೆಟ್ ತೆಗೆಯುವ ಮುನ್ನ ಕೇಳಲೇಬೇಕಾದ ಮಾತು: "ಪ್ರತಿ ಬಂದರಿನಲ್ಲೂ ಹಡಗು ಜೆಟ್ಟಿಗೆ ನಿಲ್ಲುತ್ತದೆಯೇ, ದೋಣಿಯಲ್ಲಿ ಇಳಿಸುತ್ತಾರೆಯೇ?"

ಸಮುದ್ರ ಎಲ್ಲಿದೆ?

ಘನಫಲ ಘನದ ಲೆಕ್ಕದಲ್ಲಿ ಬೆಳೆದರೆ ಹೊರಮೈ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಅಂದರೆ ಹಡಗು ದೊಡ್ಡದಾದಂತೆ ಒಳಗಿನ ಜಾಗಕ್ಕೆ ಹೋಲಿಸಿದರೆ ಹೊರಗೋಡೆ ಕಡಿಮೆಯಾಗುತ್ತದೆ. ಕಿಟಕಿ ಇಡಲು ಹೊರಗೋಡೆ ಬೇಕಲ್ಲ? ಅದಕ್ಕೇ ಭಾರೀ ಹಡಗುಗಳಲ್ಲಿ ಕಿಟಕಿಯಿಲ್ಲದ ಒಳಕ್ಯಾಬಿನ್‌ಗಳು, ಹಡಗಿನ ಒಳಬೀದಿಗೆ ಮುಖಮಾಡಿದ ಬಾಲ್ಕನಿಗಳು. ಅಂಗಡಿ, ಜಾರುಬಂಡಿ, ನಾಟಕಮಂದಿರ ಎಲ್ಲ ಒಳಗೇ. ನಾಲ್ಕು ದಿನದ ಪ್ರಯಾಣದಲ್ಲಿ ನಮ್ಮ ಅಣ್ಣನ ಮಕ್ಕಳು ನೀರಿನ ಕಡೆ ನೋಡಿದ್ದು ಒಟ್ಟು ಒಂದು ಗಂಟೆ ಇರಬಹುದೇನೋ. ಅವರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಮಕ್ಕಳಿರುವ ಮನೆಗೆ ದೊಡ್ಡ ಹಡಗು ನಿಜಕ್ಕೂ ಅನುಕೂಲ.

ಕವರತ್ತಿಯಲ್ಲಿ ಹಾಗಲ್ಲ. ಅದು ವಿಹಾರಕ್ಕೆಂದೇ ಕಟ್ಟಿದ ಹಡಗಲ್ಲ. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ತಯಾರಾಗಿ 2008ರಲ್ಲಿ ಬಂದ ಈ ಹಡಗು ದ್ವೀಪದ ಜನರ ಬಸ್ಸಿದ್ದಂತೆ. ಕೊಚ್ಚಿಯ ಆಸ್ಪತ್ರೆಯಿಂದ ಮರಳುವವರು, ಕೇರಳದ ಕಾಲೇಜುಗಳಲ್ಲಿ ಓದುವ ನಿಮ್ಮದೇ ವಯಸ್ಸಿನ ಹುಡುಗ ಹುಡುಗಿಯರು, ಹೊಸ ಫ್ರಿಜ್ಜು ಕೊಂಡು ಊರಿಗೆ ಹೊರಟವರು. ನೋಡಲು ಬೇರೇನೂ ಇಲ್ಲದ್ದರಿಂದ ಡೆಕ್‌ಗೆ ಬಂದು ನಿಲ್ಲುತ್ತೀರಿ. ನಿಂತರೆ ಮಾತು ಬೆಳೆಯುತ್ತದೆ. ಮಿನಿಕಾಯ್‌ನಲ್ಲಿ ಮಹಲ್ ಭಾಷೆ, ಉಳಿದ ದ್ವೀಪಗಳಲ್ಲಿ ಮಲಯಾಳಕ್ಕೆ ಹತ್ತಿರದ ಮಾತು ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಇಬ್ಬರು ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಅಣಕಿಸುತ್ತಾ ಎರಡರ ವ್ಯತ್ಯಾಸವನ್ನು ಕಿವಿಗೆ ಕೇಳಿಸಿದರು.

ದಿಕ್ಕಿನ ಅರಿವೂ ಹಾಗೆಯೇ. ಸಣ್ಣ ಹಡಗಿನಲ್ಲಿ ಸೂರ್ಯನನ್ನು ನೋಡಿ ದಿಕ್ಕು ಹೇಳಬಹುದು. ದೊಡ್ಡದರ ಒಳಗೆ ಗೊತ್ತಾಗುವುದಿಲ್ಲ. ಸುತ್ತ ಉಕ್ಕು ಇರುವುದರಿಂದ ಮೊಬೈಲ್‌ನ ದಿಕ್ಸೂಚಿಯನ್ನೂ ನಂಬುವಂತಿಲ್ಲ. ಕಿಬ್ಲಾ ನೋಡಬೇಕಾದವರು ಕ್ಯಾಬಿನ್‌ನ ಟಿವಿಯಲ್ಲಿ ಬರುವ ಹಡಗಿನ ನಕ್ಷೆಯನ್ನು ನೋಡಿದರೆ ಸಮುದ್ರದ ಮೇಲೆ ಹಡಗು ಯಾವ ಕಡೆ ಮುಖಮಾಡಿದೆ ಎಂಬುದು ತಿಳಿಯುತ್ತದೆ.

ಹಣದ ಲೆಕ್ಕ

ವಾಣಿಜ್ಯ ವಿಭಾಗದವರಿಗೆ ಇದು ಪರಿಚಿತ ಪಾಠ. ಹಡಗು ದೊಡ್ಡದಾದರೂ ಕಪ್ತಾನ ಒಬ್ಬನೇ. ಸ್ಥಿರ ವೆಚ್ಚ ಹೆಚ್ಚು ತಲೆಗಳ ಮೇಲೆ ಹಂಚಿಹೋಗುತ್ತದೆ. ನೀರಿನ ಘರ್ಷಣೆ ಹಡಗಿನ ಒದ್ದೆ ಮೈಯ ವಿಸ್ತೀರ್ಣವನ್ನು ಅವಲಂಬಿಸಿದೆ, ಪ್ರಯಾಣಿಕರ ಸಂಖ್ಯೆ ಘನಫಲವನ್ನು. ಹಾಗಾಗಿ ತಲಾ ಇಂಧನವೂ ಉಳಿಯುತ್ತದೆ. ಭಾರೀ ಹಡಗಿನ ಟಿಕೆಟ್ ಕೆಲವೊಮ್ಮೆ ಆಶ್ಚರ್ಯ ಪಡುವಷ್ಟು ಅಗ್ಗವಾಗಿರಲು ಇದು ಒಂದು ಕಾರಣ. ಇನ್ನೊಂದು ಕಾರಣ, ಹತ್ತಿದ ಮೇಲೆ ಖರ್ಚು ಮಾಡಿಸುವ ಅಂಗಡಿಗಳು.

ಟಿಕೆಟ್ ದರವನ್ನು ಮಾತ್ರ ಹೋಲಿಸಬೇಡಿ. ಬಂದರು ತೆರಿಗೆ, ಸಿಬ್ಬಂದಿಗೆ ಕೊಡುವ ಕಡ್ಡಾಯ ಭಕ್ಷೀಸು, ಇಂಟರ್ನೆಟ್, ದಡದ ಮೇಲಿನ ಪ್ರವಾಸ, ವೀಸಾ, ಇಷ್ಟನ್ನೂ ಸೇರಿಸಿ ಆಮೇಲೆ ದಿನಗಳಿಂದ ಭಾಗಿಸಿ. ಗಲ್ಫಿನ ಹಡಗು ಒಂದು ದೇಶದಿಂದ ಹೊರಟು ಇನ್ನೊಂದು ದೇಶ ಮುಟ್ಟಿ ಮರಳುವುದಾದರೆ ಮರುಪ್ರವೇಶಕ್ಕೆ ಅವಕಾಶವಿರುವ ವೀಸಾ ಬೇಕಾಗಬಹುದು. ಲಕ್ಷದ್ವೀಪಕ್ಕೆ ಹೊರಗಿನವರು ಪ್ರವೇಶ ಪರವಾನಗಿ ಪಡೆಯಬೇಕು. ಇವೆರಡನ್ನೂ ಮೊದಲೇ ವಿಚಾರಿಸಿ.

ದಡದಲ್ಲಿ ನಿಂತು ನೋಡಿದರೆ

ನಾವು ಪ್ರಯಾಣಿಕರಾಗಿ ಹಡಗನ್ನು ನೋಡಿದೆವು. ಹಡಗು ಬರುವುದನ್ನು ದಡದಲ್ಲಿ ನಿಂತು ನೋಡುವವರೂ ಇದ್ದಾರೆ. 2011ರ ಜನಗಣತಿಯಂತೆ ಕಲ್ಪೇನಿ ದ್ವೀಪದ ಜನಸಂಖ್ಯೆ ಸುಮಾರು 4,400, ರಾಜಧಾನಿ ಕವರತ್ತಿಯದ್ದು ಸುಮಾರು 11,200. ವರ್ಲ್ಡ್ ಯುರೋಪಾ ಪೂರ್ತಿ ತುಂಬಿದರೆ ಪ್ರಯಾಣಿಕರು, 2,138 ಸಿಬ್ಬಂದಿ ಸೇರಿ 8,900 ಜನ. ಅಂತಹ ಹಡಗು ಒಂದು ಬೆಳಿಗ್ಗೆ ಕಲ್ಪೇನಿಯಲ್ಲಿ ಜನರನ್ನು ಇಳಿಸಿದರೆ ಊರಿನವರಿಗಿಂತ ನೆಂಟರೇ ಹೆಚ್ಚು.

ನೀರನ್ನೇ ನೋಡಿ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ಆಳದ ತಣ್ಣೀರನ್ನು ಬಳಸಿ ಉಪ್ಪುನೀರನ್ನು ಸಿಹಿನೀರು ಮಾಡುವ ಘಟಕ ಶುರುವಾಯಿತು. ಅದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಕೇಳಲು ದೊಡ್ಡ ಸಂಖ್ಯೆ. 5,200 ಜನರಿಗೆ ಹಂಚಿದರೆ ತಲೆಗೆ 19 ಲೀಟರ್, ಒಂದು ಬಕೆಟ್. ಹಡಗು ತನ್ನ ನೀರನ್ನು ತಾನೇ ತಯಾರಿಸಿಕೊಳ್ಳುತ್ತದೆ, ನಿಜ. ಆದರೆ ದಡಕ್ಕಿಳಿದ ಜನರ ಬಾಯಾರಿಕೆ, ಶೌಚ, ಕಸ ಎಲ್ಲ ದ್ವೀಪದ ಪಾಲಿಗೇ. ಹವಳದ ಮೇಲೆ ಇಡುವ ಒಂದೊಂದು ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ.

ಇದು ಬಡ ದ್ವೀಪಗಳ ತೊಂದರೆ ಮಾತ್ರವಲ್ಲ. ಇಟಲಿ ಸರಕಾರ 2021ರ ಆಗಸ್ಟ್ ಒಂದರಿಂದ ವೆನಿಸ್ ನಗರದ ನಡುವಿನ ಕಾಲುವೆಗೆ 25,000 ಗ್ರಾಸ್ ಟನೇಜ್ ಅಥವಾ 180 ಮೀಟರ್ ಉದ್ದ ಮೀರಿದ ಹಡಗುಗಳು ಬರುವುದನ್ನು ನಿಷೇಧಿಸಿತು. ನಾವು "ಮಧ್ಯಮ" ಎಂದು ಕರೆದ ಎಂಪ್ರೆಸ್ ಕೂಡ ಅಲ್ಲಿಗೆ ಅತಿ ದೊಡ್ಡದು. ದೋಹಾದ ಬಂದರಿಗೆ ಸಹಜವಾದ ಗಾತ್ರ ವೆನಿಸಿಗೆ ಭಾರ. ದೊಡ್ಡದು ಚಿಕ್ಕದು ಎಂಬುದು ಹಡಗಿನಲ್ಲಿ ಮಾತ್ರ ಇಲ್ಲ, ಅದು ಹೋಗುವ ಊರಿನಲ್ಲೂ ಇದೆ.

ಹಾಗಾದರೆ ಯಾವುದು?

ಮೂರೂ ಪ್ರಯಾಣಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು. ದೊಡ್ಡ ಹಡಗಿನಲ್ಲಿ ಹಡಗೇ ಊರು. ಸಣ್ಣ ಹಡಗಿನಲ್ಲಿ ಹಡಗು ಊರಿಗೆ ಹೋಗುವ ದಾರಿ. ನಡುವಿನದು ಎರಡನ್ನೂ ಸ್ವಲ್ಪ ಸ್ವಲ್ಪ ಕೊಡುತ್ತದೆ, ಎರಡನ್ನೂ ಪೂರ್ತಿ ಕೊಡುವುದಿಲ್ಲ. ಕಾಲುನೋವಿನ ಹಿರಿಯರು, ಪುಟ್ಟ ಮಕ್ಕಳು ಜೊತೆಗಿದ್ದರೆ ಜೆಟ್ಟಿಯಿಂದ ಜೆಟ್ಟಿಗೆ ಹೋಗುವ ದೊಡ್ಡ ಹಡಗು, ಅದೂ ಶಾಲಾ ರಜೆಯಿಲ್ಲದ ವಾರದಲ್ಲಿ. ಊರು, ಜನ, ಸಮುದ್ರ ನೋಡಬೇಕೆಂಬ ಗಟ್ಟಿ ಕಾಲಿನವರಿಗೆ ಸಣ್ಣ ಹಡಗು, ಮಳೆಗಾಲ ಬಿಟ್ಟು.

ನಿಮಗೆ ಹದಿನೇಳು, ಹದಿನೆಂಟು ವಯಸ್ಸು. ದೋಣಿ ಏರಲಿ, ಇಳಿಯಲಿ, ಹಾರಿ ಇಳಿಯುವ ಕಾಲು ಈಗ ಇದೆ. ದೊಡ್ಡ ಹಡಗು ಐವತ್ತರ ನಂತರವೂ ಸಿಗುತ್ತದೆ. ಸಣ್ಣ ಹಡಗಿನಲ್ಲಿ ಹೋಗಬೇಕಾದ ಊರುಗಳಿಗೆ ಮೊದಲು ಹೋಗಿ. ಮನೆಯ ಹಿರಿಯರಿಗೆ ಅಂತಹ ಆಸೆಯೇನಾದರೂ ಇದೆಯೇ ಎಂದು ಇವತ್ತೇ ಕೇಳಿ. ಕೆಲಸ ಸಿಕ್ಕಿದ ಮೇಲೆ ಕರೆದುಕೊಂಡು ಹೋಗೋಣ ಎಂದು ಮುಂದೂಡುವಾಗ ನಮ್ಮ ಸಂಬಳವನ್ನು ಲೆಕ್ಕ ಹಾಕುತ್ತೇವೆ, ಅವರ ಮೊಣಕಾಲನ್ನು ಲೆಕ್ಕ ಹಾಕುವುದಿಲ್ಲ.

ಅಭ್ಯಾಸ

1. ಅಲೆಯ ಅವಧಿ 10 ಸೆಕೆಂಡ್ ಆದರೆ ಆಳದ ನೀರಿನಲ್ಲಿ ಅದರ ಉದ್ದವೆಷ್ಟು? 211 ಮೀಟರ್ ಹಡಗು ಇಂತಹ ಅಲೆಯಲ್ಲಿ 333 ಮೀಟರ್ ಹಡಗಿಗಿಂತ ಹೆಚ್ಚು ಏರಿಳಿಯುವುದೇಕೆ?

2. ನಿಮ್ಮ ತರಗತಿ ಕೋಣೆಯ ಘನಫಲವನ್ನು ಅಳೆದು, ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ. ಎಂಪ್ರೆಸ್‌ನ ಪ್ರಯಾಣಿಕನಿಗೆ ತಲಾ ಸುಮಾರು 100 ಘನಮೀಟರ್ ಸಿಗುತ್ತದೆ. ನಿಮಗೆಷ್ಟು?

3. ಒಂದು ದೋಣಿಗೆ 50 ಜನ, ಹೋಗಿ ಬರಲು ಅರ್ಧ ಗಂಟೆ. 1,600 ಜನರನ್ನು ಒಂದೂವರೆ ಗಂಟೆಯೊಳಗೆ ಇಳಿಸಲು ಕನಿಷ್ಠ ಎಷ್ಟು ದೋಣಿ ಬೇಕು?

4. ವಾಣಿಜ್ಯ ವಿಭಾಗದವರಿಗೆ: ದೊಡ್ಡ ಹಡಗಿನ ಟಿಕೆಟ್ ಅಗ್ಗವಾಗಿದ್ದರೂ ಪ್ರಯಾಣದ ಒಟ್ಟು ವೆಚ್ಚ ಹೆಚ್ಚಾಗುವ ಸಂದರ್ಭಗಳನ್ನು ಪಟ್ಟಿ ಮಾಡಿ.

5. ಕಲಾ ವಿಭಾಗದವರಿಗೆ: ಕಲ್ಪೇನಿಯ ಪಂಚಾಯತಿಗೆ ನೀವೇ ಸದಸ್ಯರಾಗಿದ್ದರೆ ದಿನಕ್ಕೆ ಎಷ್ಟು ಪ್ರವಾಸಿಗರಿಗೆ ಇಳಿಯಲು ಒಪ್ಪುತ್ತಿದ್ದಿರಿ? ನೀರು, ಕಸ, ದುಡಿಮೆ ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ಪುಟ ಬರೆಯಿರಿ.

ಉತ್ತರಗಳನ್ನು ಭೌತಶಾಸ್ತ್ರ ವಿಭಾಗಕ್ಕೆ ತಂದುಕೊಡಿ. ಐದನೆಯ ಪ್ರಶ್ನೆಗೆ ಬಂದ ಒಳ್ಳೆಯ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ.